ಅಟ್ಟದ ಗೋಡೆ ಮೇಲೆ ತಲೆಕೆಳಗಾದ ಹಾಲಮ್ಮಜ್ಜಿ

“ನಮ್ಮಜ್ಜಿ ತಲೆಕೆಳಗಾಗಿ ನಡೀತಿತ್ತಾ? ನಮ್ಮಜ್ಜಿ ಏನು ಬಾವಲೀನಾ?” ಸ್ಪಂದನ ಸೊಂಟದ ಮೇಲೆ ಕೈ ಇಟ್ಟು ಕೇಳಿದಳು.

“ಅಟ್ಟದ ಗೋಡೆ ಮೇಲೆ ಕಣೇ! ಮೊರ ಹಿಡ್ಕೊಂಡು, ಕಾಲು ಮೇಲೆ, ತಲೆ ಕೆಳಗೆ. ಅಲ್ಲಾನಾಣೆ ನೋಡ್ದೆ!” ಎಂದಳು ಮುಬೀನಾ.

ಹಾಲಮ್ಮಜ್ಜಿಯೋ, ಅಂಗಳದ ಬಿಸಿಲಲ್ಲಿ ಹುರುಳಿ ಕೇರುತ್ತಾ ಎರಡು ಕಾಲಿನ ಮೇಲೇ ನಿಂತಿದ್ದರು.

“ಸುಳ್ಳಿ! ನಿನ್ ಜೊತೆ ಟೂ. ನಾಳೆಯಿಂದ ವರ್ಷಿಣಿ ಪಕ್ಕ ಕೂತ್ಕೋತೀನಿ.”

ಮುಬೀನಾಳ ಮುಖ ಸಣ್ಣಗಾಯಿತು. ಒಂದನೇ ಕ್ಲಾಸಿನಿಂದ ಇಬ್ಬರದೂ ಒಂದೇ ಬೆಂಚು. ಭಾನುವಾರ ದಾದಾ ಜೊತೆ ಬಿಳಿಗೆರೆಯ ಹಾಲಮ್ಮಜ್ಜಿಯ ತೋಟಕ್ಕೆ ಕುಣಿದುಕೊಂಡು ಬಂದದ್ದೇ ಸ್ಪಂದನ ಸಿಗುತ್ತಾಳೆ ಅಂತ.

ಮುಬೀನಾಳ ತಾತ, ದಾದಾ ಕಲಂದರ್ ಸಾಬರು, ಅಟ್ಟದಿಂದ ಇಳಿಸಿದ ಕಾಯಿ ಸುಲಿಯುತ್ತಿದ್ದರು. ವರ್ಷವಿಡೀ ಒಣಗಿದ ಕಾಯಿ. ಕಿವಿ ಹತ್ತಿರ ಅಲ್ಲಾಡಿಸಿದರೆ ಒಳಗೆ ಕೊಬ್ಬರಿ ಗಡಗಡ ಅನ್ನಬೇಕು.

“ಆಣೆ ಯಾಕವ್ವಾ ಹಾಕ್ತೀಯ? ಹತ್ತಿ ತೋರ್ಸು,” ಎಂದರು.

“ದಾದಿ ಕೇಳಿದ್ರೆ ಜಿನ್ನು, ದೆವ್ವ ಅಂತಾರೆ, ದಾದಾ.”

“ನಿಮ್ಮಜ್ಜಿ ಅನ್ಲಿ ಬುಡು. ಈ ಕಾಯಿ ಚೆನ್ನಾಗೈತೆ ಅಂತ ಕಿವಿ ಹೇಳ್ತು. ಆದ್ರೂ ಒಡೆದು ನೋಡಲ್ವಾ ನಾನು? ಅಲ್ಲಾ ಬುದ್ಧಿ ಕೊಟ್ಟಿರೋದು ಯಾತಕ್ಕೆ? ನಡಿ.”

ಮೂವರೂ ಏಣಿ ಹತ್ತಿದರು. ಅಟ್ಟ ಖಾಲಿ. ಸುಣ್ಣದ ಗೋಡೆ ಬೆಳ್ಳಗಿತ್ತು, ಅಷ್ಟೇ.

“ಎಲ್ಲಿ?” ಎಂದಳು ಸ್ಪಂದನ. ಮುಬೀನಾಳ ಕಣ್ಣು ತುಂಬಿತು.

“ಬೆಳಗ್ಗೆ ಹೆಂಗಿತ್ತೋ ಹಂಗೇ ಮಾಡು,” ಎಂದರು ದಾದಾ.

ಬೆಳಗ್ಗೆ ಕಣ್ಣಾಮುಚ್ಚಾಲೆ ಆಡುವಾಗ ಮುಬೀನಾ ಇಲ್ಲಿ ಅಡಗಿದ್ದಳು. ಹಾಂ, ಬಾಗಿಲು! ಓಡಿಹೋಗಿ ಮುಚ್ಚಿದಳು.

ಗವ್ವೆನ್ನುವ ಕತ್ತಲು. ಗೋಡೆಗೆ ಎದುರು, ಅಂಗಳದ ಕಡೆಯ ತಗಡಿನಲ್ಲಿ ಮೊಳೆ ಕಿತ್ತ ಒಂದೇ ಒಂದು ತೂತು. ಕತ್ತಲಿಗೆ ಕಣ್ಣು ಹೊಂದಿಕೊಂಡ ಹಾಗೆ ಸುಣ್ಣದ ಗೋಡೆ ಮೇಲೆ ಬಣ್ಣ ಮೂಡಿತು. ಆಕಾಶ ಕೆಳಗೆ. ತೆಂಗಿನಮರದ ಸುಳಿ ನೆಲದ ಹತ್ತಿರ. ಮೇಲುಗಡೆ ಹಾಲಮ್ಮಜ್ಜಿ, ಮೊರದ ಸಮೇತ!

“ಅಯ್ಯಯ್ಯೋ!” ಸ್ಪಂದನ ಮುಬೀನಾಳ ಕೈ ಹಿಡಿದುಕೊಂಡಳು. ಆಮೇಲೆ ಕೂಗಿದಳು, “ಅಜ್ಜೀ, ಒಂದು ಕೈ ಎತ್ತು!”

“ಯಾಕೇ?” ಅನ್ನುತ್ತಲೇ ಅಜ್ಜಿ ಕೈ ಎತ್ತಿದರು. ಗೋಡೆ ಮೇಲಿನ ಕೈ ಕೆಳಗಿಳಿಯಿತು! ಇಬ್ಬರೂ ಬಿದ್ದು ಬಿದ್ದು ನಕ್ಕರು.

“ಸಾವಿರ ವರ್ಷದ ಹಿಂದೆ ಈಜಿಪ್ಟಲ್ಲಿ ನಮ್ಮ ಮುಸಲ್ಮಾನ ಪಂಡಿತ್ರೊಬ್ರು ಹಿಂಗೇ ಕತ್ಲೆ ಕೋಣೇಲಿ ಬೆಳಕು ಪರೀಕ್ಷೆ ಮಾಡಿದ್ರಂತೆ,” ಎಂದರು ದಾದಾ. “ಮೌಲ್ವಿ ಸಾಬ್ರು ಹೇಳಿದ್ರು. ದೊಡ್ಡೋರು ಬರೆದವ್ರೆ ಅಂತ ಒಪ್ಪಬೇಡಿ, ಪರೀಕ್ಷೆ ಮಾಡಿ ಒಪ್ಪಿ ಅಂತಿದ್ರಂತೆ ಅವ್ರು.”

“ತಲೆಕೆಳಗೆ ಯಾಕೆ ಕಾಣುತ್ತೆ, ದಾದಾ?”

“ಅದು ನಂಗೊತ್ತಿಲ್ಲ ಕಣವ್ವ.”

ದಾದಾಗೂ ಗೊತ್ತಿಲ್ಲವಾ! ಮುಬೀನಾಗೆ ಯಾಕೋ ಖುಷಿಯಾಯಿತು. ಮೂಲೆಯಲ್ಲಿದ್ದ ಪೊರಕೆಯಿಂದ ಒಂದು ಕಡ್ಡಿ ಎಳೆದು ತೂತಿನಲ್ಲಿ ತೂರಿಸಿದಳು.

“ಬೆಳಕು ಈ ಕಡ್ಡಿ ಥರಾನೇ ನೆಟ್ಟಗೆ ಬರುತ್ತಲ್ವಾ? ನೀನು ಕೆಳಗೆ ಹೋಗಿ ನೋಡೇ.”

ಸ್ಪಂದನ ದಡಬಡ ಏಣಿ ಇಳಿದಳು. “ಹೊರಗಿನ ತುದಿ ಮರದ ಸುಳಿ ಕಡೆ ತೋರಿಸ್ತೈತೆ ಕಣೇ!”

ಒಳಗಿನ ತುದಿ ನೆಲದ ಕಡೆ ಬಾಗಿತ್ತು. ಮುಬೀನಾ ಉಸಿರು ಬಿಗಿಹಿಡಿದು ಅದನ್ನು ಮೆಲ್ಲಗೆ ಮೇಲೆತ್ತಿದಳು.

“ಈಗ ನಮ್ಮಜ್ಜಿ ಕಾಲಿಗೆ ಬಂತು!” ಕೆಳಗಿನಿಂದ ಸ್ಪಂದನ ಕಿರುಚಿದಳು.

“ಮೇಲಿಂದ ಬಂದ ಬೆಳಕು ಕೆಳಗೆ, ಕೆಳಗಿಂದ ಬಂದದ್ದು ಮೇಲೆ!” ಎಂದಳು ಮುಬೀನಾ. ಕತ್ತಲಲ್ಲಿ ತನ್ನಷ್ಟಕ್ಕೆ ನಗುತ್ತಾ ಕಡ್ಡಿಯ ತುದಿಯನ್ನು ಮತ್ತೊಮ್ಮೆ ಕೆಳಗೆ ಬಾಗಿಸಿದಳು.