ಬಳ್ಳಿಯ ಬಾಯಿ

"ಆ ಮೂಲೆ ಹಾಗೇ ಬಿಟ್ಬಿಡಮ್ಮ. ಅದು ಮರೆತು ಬಿಟ್ಟಿದ್ದಲ್ಲ," ಅಂದಳು ಅಂಜಿರತ್.

ಸಮರ್ಕಂದದ ದಾರಿಯ ಆ ಪೇಟೆಯಲ್ಲಿ ಹೆಂಗಸರಿಗೆ ಕೂದಲು ಕತ್ತರಿಸುವ ಅಂಗಡಿ ಅವಳದು. ಹೊಸ ಕಲಾ ಸಂಗ್ರಹಾಲಯಕ್ಕೆ ತನ್ನಜ್ಜಿ ಹೊಲಿದ ಸುಜನಿಯನ್ನು, ಗೋಡೆಯಗಲದ ಆ ಕಸೂತಿ ಬಟ್ಟೆಯನ್ನು, ಕೊಟ್ಟವಳೂ ಅವಳೇ.

ಮಹ್ಲಿಯೊ ನಕ್ಕಳು. ಹಳೇ ಬಟ್ಟೆಗಳಿಗೆ ಜೀವ ತುಂಬಲು ತಾಷ್ಕೆಂಟಿನಿಂದ ಬಂದವಳು. ಐದು ತಿಂಗಳ ಬಸುರಿ. ಸುಜನಿಯ ಅಂಚಿನುದ್ದಕ್ಕೂ ಹಬ್ಬಿದ ಕೆಂಪು ಬಳ್ಳಿ ಕೆಳಮೂಲೆಯಲ್ಲಿ ಗೇಣುದ್ದ ಬಾಯಿ ಬಿಟ್ಟಿತ್ತು. ಮನೆಯ ಬದುಕು ಮುಗಿಯದಿರಲಿ ಅಂತ ಹೊಲಿಯುವವರೆಲ್ಲ ಒಂದಿಷ್ಟು ಬಾಕಿ ಉಳಿಸುವುದು ಅವಳಿಗೂ ಗೊತ್ತು. ಇದು ಬೇರೆ ಅಂತ ಅಂಜಿರತ್‌ಳ ವಾದ. ಸವತಿ ಮಾಡಿಸಿದ ಮಾಟ ಅಜ್ಜಿಯ ಎರಡು ಕೂಸುಗಳನ್ನು ಹೊಟ್ಟೆಯಲ್ಲೇ ತಿಂದಿತ್ತಂತೆ. ಅಜ್ಜಿ ಅದನ್ನು ಎಳೆ ಎಳೆಯಾಗಿ ಬಟ್ಟೆಗಿಳಿಸಿ, ಹೊರಟುಹೋಗಲು ದಾರಿ ಬಿಟ್ಟಳಂತೆ.

"ಆ ದಾರಿ ಮುಚ್ಚಿದವಳ ಹೊಟ್ಟೆಗೇ ಬಂದು ಕೂರತ್ತೆ."

"ನಿಮ್ಮಂಗಡೀಲಿ ಶಾಂಪೂ ಜೊತೆ ಇದನ್ನೂ ಮಾರ್ತೀರಾ ಅಕ್ಕಾ?"

ಅಂಜಿರತ್ ಚಹಾ ತರಲು ಹೋದಳು.

ಅದೊಂದು ಕಿಟಕಿಯಿಲ್ಲದ ದುಂಡು ಸಭಾಂಗಣ. ಚಾವಣಿಯ ಒಂದೇ ಸೀಳಿನಿಂದ ಇಳಿದ ಬಿಸಿಲು ನೇರವಾಗಿ ಆ ಖಾಲಿ ಮೂಲೆಗೇ ಬೀಳುತ್ತಿತ್ತು. ಉದ್ಘಾಟನೆಗೆ ಬರುವ ದೊಡ್ಡವರಿಗೆ ಅರೆಬರೆ ಬಟ್ಟೆ ತೋರಿಸುವುದೇ ಅಂತ ನಿರ್ದೇಶಕರು ಬೆಳಿಗ್ಗೆಯಷ್ಟೇ ಗೊಣಗಿದ್ದರು. ಮಹ್ಲಿಯೊ ಕೆಂಪು ರೇಷ್ಮೆ ಪೋಣಿಸಿ ಕೂತಳು. ಹಸಿ ಸಿಮೆಂಟಿನ ವಾಸನೆ. ಸೂಜಿಯ ಸದ್ದು ಗೋಡೆ ಸುತ್ತಿ ಅವಳ ಕಿವಿಗೇ ಮರಳುತ್ತಿತ್ತು. ಬಳ್ಳಿ ಬಳ್ಳಿಯನ್ನು ಮುಟ್ಟಿತು. ಗಂಟು ಬಿಗಿದಳು.

ಕರೆಂಟು ಹೋಯಿತು. ಚಾವಣಿಯ ಸೀಳಿಗೆ ಪರದೆ ತಾನಾಗೇ ಎಳೆದುಕೊಂಡಿತು. ದಪ್ಪ ಬಾಗಿಲು ಜಾರಿ ಮುಚ್ಚಿತು. ಗವ್ವೆನ್ನುವ ಕತ್ತಲು.

ದೃಷ್ಟಿ ತೆಗೆಯುವ ಇಸಿರಿಕ್ ಸೊಪ್ಪು ಸುಟ್ಟ ಕಮಟು ಎಲ್ಲಿಂದಲೋ ಬಂತು. ಸೂಜಿ ಅವಳ ಮಡಿಲಲ್ಲಿತ್ತು. ಆದರೂ ಸರ್ರ್, ಸರ್ರ್, ಬಟ್ಟೆಯೊಳಗೆ ದಾರ ಓಡುತ್ತಿತ್ತು.

ಬೆಳಗಿನಿಂದ ಮಿಸುಕುತ್ತಿದ್ದ ಮಗು ನಿಂತುಬಿಟ್ಟಿತು.

ಹೊಟ್ಟೆ ಒತ್ತಿ ನೋಡಿದಳು. ಇಲ್ಲ. ಇನ್ನೊಮ್ಮೆ ಒತ್ತಿದಳು. ಕಲ್ಲು.

ಕತ್ತರಿ ಸಿಗಲಿಲ್ಲ. ಬಟ್ಟೆಯ ಮೇಲೆ ತಡಕಾಡಿದಳು. ಗಂಟು ಸಿಕ್ಕಿತು. ಉಗುರಿನಿಂದ ಕಿತ್ತಳು. ದಾರ ಹಿಮದಂತೆ ಕೊರೆಯಿತು. ಕಿತ್ತಷ್ಟೂ ಬೆರಳಿಗೇ ಸುತ್ತಿಕೊಂಡಿತು. ಬಿಗಿಯಿತು. ಬಿಡಲಿಲ್ಲ ಅವಳು. ಹಲ್ಲು ಹಾಕಿದಳು. ಒಂದು ಹೊಲಿಗೆ. ಮತ್ತೊಂದು. ಕೊನೆಯದು. ಎಳೆದಳು. ಎಳೆದಳು. ಪಟ್ಟನೆ ಹರಿಯಿತು.

ಒಳಗಿಂದ ಒಂದು ಒದೆ ಬಿತ್ತು.

ಕರೆಂಟು ಬಂದಾಗ ಅಂಜಿರತ್ ಬಾಗಿಲಲ್ಲಿದ್ದಳು. ಕುದಿವ ಹಸಿರು ಚಹಾ ತುಂಬಿದ ಹಿಡಿಯಿಲ್ಲದ ಬಟ್ಟಲನ್ನು ತಲೆವಸ್ತ್ರದ ಅಂಚಿನಲ್ಲಿ ಹಿಡಿದಿದ್ದಳು. ನೆಲದ ತುಂಬ ಚೆಲ್ಲಿದ ಕೆಂಪು ದಾರ ನೋಡಿ ಅವಳ ಮುಖ ಬಿಳಿಚಿತು.

"ಮಗು?"

"ಒದೀತಿದೆ, ಅಕ್ಕಾ."

"ಬರಿಗೈಲಿ ಹೋಗೋದಲ್ಲ ಅದು. ಏನು ತಗೊಂಡು ಹೋಯ್ತು?"

"ಏನೂ ಇಲ್ಲ. ನೋಡಿ, ಚೆನ್ನಾಗೇ ಇದೀನಿ."

ಮಹ್ಲಿಯೊ ಬಟ್ಟಲನ್ನು ಎರಡೂ ಕೈಬೆರಳುಗಳಿಂದ ಒತ್ತಿ ಹಿಡಿದು, ನಿಧಾನವಾಗಿ ಎತ್ತಿ ಬಾಯಿಗಿಟ್ಟಳು. ತುಟಿ ಚುರ್ರೆಂದಾಗಲೇ ಬೆಚ್ಚಿ ಕೆಳಗೆ ನೋಡಿದ್ದು. ಅವಳಿಗೆ ಗೊತ್ತೇ ಆಗದೆ ಹತ್ತೂ ಬೆರಳುಗಳ ಮೇಲೆ ಬೊಬ್ಬೆ ಏಳುತ್ತಿತ್ತು.