ಹನ್ನೊಂದನೆಯ ಚೀಟಿ

"ಮನೆಯೊಳಗೆ ಕೋಲು ತಂದೀಯಾ, ಜೋಕೆ! ಭಾನುವಾರ ನನ್ನ ಮಗಳ ಸಂಬಂಧ ಮಾತಾಡೋಕೆ ಬರ್ತಾರೆ. ನೀನು ಕುಂಟಿ ಅಂತ ಡಂಗುರ ಸಾರ್ಬೇಕಾ? ಅವರು ಹೋಗೋ ತನಕ ಎಲ್ಲಾದ್ರೂ ಹೋಗಿರು!"

ಅತ್ತೆಯ ಮಾತು ಕೇಳಿದ ಸೊಸೆ ಗೋಡೆ ಹಿಡಿದು, ಬಲಗಾಲು ಎಳೆಯುತ್ತಾ ಒಳಗೆ ಹೋದಳು. ಎರಡು ವರ್ಷದ ಹಿಂದೆ ಮೆಟ್ಟಿಲಿನಿಂದ ಬಿದ್ದು ಸೊಂಟ ಮುರಿದಾಗಿನಿಂದ ಆ ಗೋಡೆಯೇ ಅವಳಿಗೆ ಆಸರೆ. ಹಿತ್ತಲಿನಲ್ಲಿ ಮರಗೆಲಸ ಮಾಡುತ್ತಿದ್ದ ಮಾವನಿಗೆ ಎಲ್ಲವೂ ಕೇಳಿಸಿತು. ಕೇಳಿಸದವರಂತೆ ಉಜ್ಜುಕಾಗದ ಎತ್ತಿಕೊಂಡರು. ಊರವರ ಬಾಯಲ್ಲಿ ಅವರು 'ಕೋಲಜ್ಜ'. ಅಂಗವಿಕಲರ ಸಂಘಕ್ಕೆ ಕೈಯಾರೆ ಊರುಗೋಲು ಮಾಡಿ ಪುಕ್ಕಟೆ ಕೊಡುವ ದೊಡ್ಡ ಮನುಷ್ಯ. ಹೆಂಡತಿಯ ಎದುರು ಮಾತ್ರ ಬಾಯಿಗೆ ಬೀಗ!

ಸಂಘದಿಂದ ಬರುವ ಅಳತೆಯ ಚೀಟಿಗಳಲ್ಲಿ ಹೆಸರಿರುತ್ತಿರಲಿಲ್ಲ. ಪಡೆಯುವವರ ಮರ್ಯಾದೆ ಕಾಯಲು ಕೋಲಜ್ಜನೇ ಹಾಕಿಸಿದ್ದ ನಿಯಮ ಅದು. ಸಂಖ್ಯೆ, ನೆಲದಿಂದ ಮಣಿಕಟ್ಟಿನವರೆಗಿನ ಎತ್ತರ, ಯಾವ ಕೈ... ಅಷ್ಟೇ. ಈ ಸಲ ಹನ್ನೊಂದನೆಯದರಲ್ಲಿ 'ಎಡಗೈ, ಅಂಗೈ ಚಿಕ್ಕದು' ಎಂದಿತ್ತು. ಅವರು ಹಿಡಿಯನ್ನು ಎರಡೆರಡು ಸಲ ಕೆತ್ತಿ ಸಣ್ಣ ಮಾಡಿದರು.

ಕೋಲು ಹಂಚುವವರಿಗೆ ಜ್ವರ ಬಂದದ್ದರಿಂದ ಆ ಭಾನುವಾರ ಬೆಳಿಗ್ಗೆ ಕೋಲಜ್ಜನೇ ಸಂಘಕ್ಕೆ ಹೋಗಬೇಕಾಯಿತು. "ಹನ್ನೊಂದು!" ಎಂದು ಕೂಗಿದರು. ಮೂಲೆಯ ಬೆಂಚಿನಿಂದ ಎದ್ದವಳು... ಅವರ ಸೊಸೆ!

"ತಪ್ಪಾಯ್ತು ಮಾವ... ನೀವೇ ಇರ್ತೀರ ಅಂತ ಗೊತ್ತಿರ್ಲಿಲ್ಲ. ಮನೆಗೆ ತರಲ್ಲ, ಇಲ್ಲೇ ಇಟ್ಟು ಹೋಗ್ತೀನಿ. ಗೇಟಿನ ತನಕ ಒಂದ್ಸಲ ಗೋಡೆ ಹಿಡೀದೆ ನಡೀಬೇಕು ಅನ್ನಿಸ್ತು..."

ಅಜ್ಜನ ಎದೆ ಒಡೆದಂತಾಯಿತು. ಒಂದೇ ಸೂರಿನಡಿ ಇರುವವಳ ಅಳತೆಯನ್ನು ಪರರ ಚೀಟಿಯಿಂದ ತಿಳಿಯಬೇಕಾಯಿತೇ! ಕೋಲನ್ನು ಅವಳ ಚಪ್ಪಲಿಯ ಪಕ್ಕ ಇಟ್ಟು ನೋಡಿದರು. ಅಳತೆ ಕೂದಲೆಳೆಯಷ್ಟೂ ತಪ್ಪಿರಲಿಲ್ಲ.

"ನಡಿಯಮ್ಮ, ಮನೆಗೆ."

"ಅತ್ತೆ...?"

"ನಾನಿದೀನಿ." ಎರಡು ವರ್ಷ ತಡವಾಗಿ ಬಂದ ಮಾತು ಅದು.

ಮನೆಗೆ ಬಂದಾಗ ನೆಂಟರು ಆಗಲೇ ಕೂತಿದ್ದರು. ಬಾಗಿಲಿಗೆ ಓಡಿಬಂದ ಅತ್ತೆ, "ಬಿಸಾಕು ಅದನ್ನ!" ಎಂದು ಹಲ್ಲು ಕಡಿದರು. ಅಜ್ಜ ಅವರನ್ನು ದಾಟಿ, ಸೊಸೆಯ ಕೈಹಿಡಿದು ಒಳಗೆ ಬಂದರು.

"ಇವಳು ನಮ್ಮ ಸೊಸೆ. ನಿಮ್ಮಿಂದ ಬಚ್ಚಿಟ್ಟಿದ್ವಿ, ಕ್ಷಮಿಸಿ."

ನೆಂಟರು ಮುಖ ಮುಖ ನೋಡಿಕೊಂಡರು. ಆಮೇಲೆ ತಿಳಿಸುತ್ತೇವೆಂದು ಹೇಳಿ, ಚಹಾ ಅರ್ಧಕ್ಕೇ ಬಿಟ್ಟು ಎದ್ದರು.

"ಮಗಳ ಬಾಳಿಗೆ ಕಲ್ಲು ಹಾಕಿಬಿಟ್ರಲ್ಲ!" ಅತ್ತೆ ಕುಸಿದು ಕೂತು ಅತ್ತರು.

ಮಗಳು ಕಣ್ಣೊರೆಸಿಕೊಂಡಳು. "ಅಳಬೇಡಮ್ಮ. ನಾಳೆ ನಾನು ಬಿದ್ದಿದ್ರೆ, ಆ ಮನೇಲಿ ನನಗೂ ಗೋಡೇನೇ ಗತಿಯಾಗ್ತಿತ್ತು."

ಆಗ ಸೊಸೆ ಅಡುಗೆಮನೆಯಿಂದ ಒಂದು ಕೈಯಲ್ಲಿ ಕೋಲು ಊರುತ್ತಾ, ಇನ್ನೊಂದರಲ್ಲಿ ನೀರಿನ ಲೋಟ ಹಿಡಿದು, ಹನಿಯೂ ಚೆಲ್ಲದೆ ನಡೆದುಬಂದಳು. ಅತ್ತೆ ಗಟಗಟನೆ ಕುಡಿದರು. ಅವಳ ಮುಖ ನೋಡುವ ಧೈರ್ಯ ಅವರಿಗಿರಲಿಲ್ಲ. ಲೋಟ ಕೆಳಗಿಟ್ಟು, ಪಕ್ಕಕ್ಕೆ ಸರಿದು ಜಾಗ ಮಾಡಿದರು.

"ಕೂತ್ಕೋ... ಕಾಲು ನೋಯಲ್ವೇನೇ ನಿನಗೆ?"

ಆ ಪ್ರಶ್ನೆಯನ್ನು ಅವಳಿಗೆ ಆ ಮನೆಯಲ್ಲಿ ಯಾರೂ ಕೇಳಿರಲಿಲ್ಲ. ಸೊಸೆ ಕೂತು, ಬಿಕ್ಕಿ ಬಿಕ್ಕಿ ಅತ್ತಳು.