ಮೂವತ್ತಮೂರನೆಯ ಪುಟ

ಪುಸ್ತಕಗಳ ಬೆನ್ನಿಗೆ ನಂಬರ್ ಚೀಟಿ ಅಂಟಿಸುತ್ತಿದ್ದಾಗ ಪ್ರಾಂಶುಪಾಲರು ಬಂದು, ಗ್ರಂಥಾಲಯದ ಕಾಯಂ ಹುದ್ದೆ ಟ್ರಸ್ಟಿಯ ಸೊಸೆ ಕೃಪಾಗೆ ಸಿಕ್ಕಿತೆಂದರು. ರುಕ್ಮಿಣಿ ತಲೆಯಾಡಿಸಿ ಮುಂದಿನ ಚೀಟಿಗೆ ಗೋಂದು ಹಚ್ಚಿದಳು. ವಡೋದರಾದ ಈ ನರ್ಸಿಂಗ್ ಕಾಲೇಜಿನಲ್ಲೇ ಅವಳ ಕೂದಲು ಬೆಳ್ಳಗಾಗಿತ್ತು. ನೌಕರಿ ಮಾತ್ರ ತಾತ್ಕಾಲಿಕ. ಈಗ ಅದೂ ಹೋಯಿತು. ತಪಾಸಣೆ ಮುಗಿಯುವವರೆಗೆ ಕೃಪಾಗೆ ಕೆಲಸ ಕಲಿಸಿ ಹೊರಡಬೇಕು.

ಕಲಿಸಿದಳು. ಕೋಪವೇನೂ ಬರಲಿಲ್ಲ. ಒಂದು ಲೆಕ್ಕಾಚಾರ ಮಾತ್ರ ತನ್ನಷ್ಟಕ್ಕೇ ಬೆಳೆಯಿತು.

ಮಾನ್ಯತೆಯ ತಪಾಸಣೆಗೆ ಬರುವವರು ಹೆರಿಗೆ ಶುಶ್ರೂಷೆಯ ಹೊಸ ಪುಸ್ತಕಗಳನ್ನು ಕೇಳಿಯೇ ಕೇಳುತ್ತಾರೆ. ಇಲ್ಲವೆಂದಾದರೆ ಉತ್ತರ ಹೇಳಬೇಕಾದವಳು ಚಾರ್ಜ್ ತೆಗೆದುಕೊಂಡ ಕೃಪಾ. ಆಮೇಲೆ ಕೆಲಸ ಬಲ್ಲವಳೊಬ್ಬಳು ಬೇಕೇ ಬೇಕಾಗುತ್ತದೆ.

ಊಟದ ಚೀಲದಲ್ಲಿ ಒಂದೊಂದಾಗಿ ಪುಸ್ತಕಗಳು ಮನೆ ಸೇರಿದವು. ಸುಡಲು ಕೈ ಬರಲಿಲ್ಲ. ಕಳೆದ ಪುಸ್ತಕವನ್ನು ಬೇರೊಂದು ಗ್ರಂಥಾಲಯದ ಕಪಾಟಿನಲ್ಲಿ ಹುಡುಕುವವರು ಯಾರು? ಸೂರತ್‌ನ ನರ್ಸಿಂಗ್ ಕಾಲೇಜಿನ ಗ್ರಂಥಾಲಯದಲ್ಲಿ ಗೆಳತಿ ಶಾರದಾ ಇದ್ದಳು.

ಮೊದಲ ಪುಟದ ಮುದ್ರೆಯ ಮೇಲೆ ಬಣ್ಣದ ಕಾಗದ ಅಂಟಿಸಿದಳು. ಕೊನೆಯ ಪುಟಕ್ಕೂ ಅದೇ. ಉಳಿದದ್ದು ಗುಟ್ಟಿನ ಪುಟ. ಕಳ್ಳನ ಕಣ್ಣಿಗೆ ಬೀಳದಂತೆ ಗ್ರಂಥಾಲಯದವರು ಒಳಗೊಂದು ಗೊತ್ತಾದ ಪುಟದಲ್ಲೂ ಮುದ್ರೆ ಒತ್ತುತ್ತಾರೆ. ಇಲ್ಲಿ ಅದು ಮೂವತ್ತಮೂರನೆಯದು. ತೆರೆದು ನೋಡಿದರೆ ಖಾಲಿ. ಒಂದರಲ್ಲೂ ಮುದ್ರೆಯಿಲ್ಲ. ಈ ಹೊಸ ಪುಸ್ತಕಗಳಿಗೆ ಮುದ್ರೆ ಒತ್ತಿದವಳು ಕೃಪಾ. ಹೇಳಿಕೊಟ್ಟದ್ದನ್ನೂ ಮರೆತಿದ್ದಾಳೆ ಹುಡುಗಿ, ಅಂದುಕೊಂಡಳು. ಪುಸ್ತಕಗಳನ್ನು ತನ್ನ ದಾನವೆಂದು ಶಾರದಾಗೆ ಕಳಿಸಿದಳು.

ತಪಾಸಣೆಯ ದಿನ ಕೃಪಾ ಅತ್ತಳು. "ರುಕ್ಮಿಣಿಬೆನ್, ದೇವರಾಣೆ, ಇಲ್ಲೇ ಇಟ್ಟಿದ್ದೆ!"

"ಅಳಬೇಡ, ಮೊದಲು ಚಾ ಕುಡಿ."

ಕೃಪಾಳನ್ನು ಮನೆಗೆ ಕಳಿಸಿದರು. ರುಕ್ಮಿಣಿ ಅದೇ ಹಳೆಯ ಕುರ್ಚಿಯಲ್ಲಿ ಕುಳಿತಳು. ಸಂತೋಷವೂ ಆಗಲಿಲ್ಲ.

ತಿಂಗಳುಗಳು ಕಳೆದ ಮೇಲೆ ಶಾರದಾ ಫೋನು ಮಾಡಿದಳು. "ರುಕ್ಮಿಣಿ ಅಕ್ಕ, ಬೈಬೇಡಿ. ಕೃತಜ್ಞತೆಯ ಪತ್ರ ಬರೆದು ಎಷ್ಟು ದಿನ ಆಯ್ತು, ನಮ್ಮ ಮೇಡಂ ಸಹಿ ಹಾಕ್ಬೇಕಲ್ಲ! ಅಂತೂ ಇವತ್ತು ಕಳಿಸ್ದೆ."

"ಮನೆ ವಿಳಾಸಕ್ಕೆ ತಾನೆ?"

"ಅಯ್ಯೋ, ನಿಮ್ಮ ಸಂಕೋಚ ಗೊತ್ತಿಲ್ವಾ ನಂಗೆ? ಕಾಲೇಜಿನ ಕೊಡುಗೆ ಅಂತ ಬಾಯೇ ಬಿಡ್ಲಿಲ್ಲ ನೀವು. ದಾನ ಬಂದ ಪುಸ್ತಕ ನಾವು ಪುಟಪುಟ ತಿರುವಿ ನೋಡ್ತೀವಿ. ಐವತ್ತೆಂಟನೇ ಪುಟದಲ್ಲಿ ನಿಮ್ಮ ಕಾಲೇಜಿನ ಮುದ್ರೆ ಇತ್ತು, ಎಲ್ಲದ್ರಲ್ಲೂ. ನಿಮ್ಮ ಪ್ರಾಂಶುಪಾಲರ ಹೆಸರಿಗೇ ಕಳಿಸಿದೀನಿ, ಪುಸ್ತಕಗಳ ಹೆಸರು ಸಮೇತ."

ರುಕ್ಮಿಣಿ ಗೋಂದಿನ ಡಬ್ಬಿಯ ಮುಚ್ಚಳ ಹಾಕಿದಳು. ಚಾರ್ಜ್ ತೆಗೆದುಕೊಂಡ ದಿನವೇ ಗುಟ್ಟಿನ ಪುಟ ಬದಲಾಯಿಸಬೇಕು, ಹಿಂದಿನವರಿಗೂ ಹೇಳಬಾರದು ಎಂದು ಕೃಪಾಗೆ ಕಲಿಸಿದವಳು ಅವಳೇ.